ಎಳ್ಳಮಾವಾಸ್ಯೆಗೆ ಹೊರಟ ಕಾರು

ನಮ್ಮ ಮನೆತನದಲ್ಲಿ ಡಿಗ್ರಿ ಪಡೆದ ಮೊದಲನೆಯವನು ನಾನು. ಇದನ್ನು ಹೇಳಿಕೊಳ್ಳಲು ನನಗೆ ಎಂದೂ ಸಂಕೋಚವಾಗಿಲ್ಲ. ಗುಲಬರ್ಗಾದಲ್ಲಿ ಹಿಟ್ಟಿನ ಗಿರಣಿಯ ಹಿಂದಿನ ಖೋಲಿಯಲ್ಲಿದ್ದು, ಬೆಳಿಗ್ಗೆ ಗಿರಣಿಗೆ ಜೋಳ ಸುರಿದು, ತಲೆಯ ಮೇಲಿನ ಹಿಟ್ಟು ಕೊಡವಿಕೊಂಡು ಕಾಲೇಜಿಗೆ ಹೋಗಿ ಬಿ.ಎಸ್ಸಿ. ಮಾಡಿದೆ. ಭೌತಶಾಸ್ತ್ರ ನನ್ನ ವಿಷಯ. ಕೆಲವು ವರ್ಷ ಜೇವರ್ಗಿಯಲ್ಲಿ ಮಾಸ್ತರಿಕೆ ಮಾಡಿ, ಎಂಬತ್ತರ ದಶಕದ ಕೊನೆಗೆ ಆಳಂದದ ಹೈಸ್ಕೂಲಿಗೆ ವರ್ಗವಾಗಿ ಬಂದಾಗ ಊರಿನಲ್ಲಿದ್ದ ಅಪ್ಪ, ಅವ್ವ ಇಬ್ಬರನ್ನೂ ಕರೆತಂದು ಜೊತೆಗಿಟ್ಟುಕೊಂಡೆ. ಆದರೆ ಹಿರೋಳ್ಳಿ ಕಡೆಯ ನಮ್ಮ ಊರಿನ ಹೊಲವನ್ನು ಅಪ್ಪ ಬಿಡಲಿಲ್ಲ. ವಾರಕ್ಕೊಮ್ಮೆಯಾದರೂ ಹೋಗಿ ತೊಗರಿ ಬೆಳೆಯ ಮುಖ ನೋಡಿಬರದಿದ್ದರೆ ಅವನಿಗೆ ರೊಟ್ಟಿ ಸೇರುತ್ತಿರಲಿಲ್ಲ.

ಅದೇ ನೆಪ ಮಾಡಿಕೊಂಡು ನಾನು ಕಾರು ತಂದೆ. ಅಫಜಲಪುರದಲ್ಲಿ ವಯಸ್ಸಾದ ಡಾಕ್ಟರೊಬ್ಬರು ವರ್ಷಗಟ್ಟಲೆ ಓಡಿಸಿ, ಕಣ್ಣು ಮಂಜಾದ ಮೇಲೆ ಬಿಟ್ಟುಕೊಟ್ಟ ಹಳೆಯ ಕಾರು. ಬೆನ್ನು ಗುಂಡಗೆ, ಮೂತಿ ಅಗಲ. ಮುಂದಿನ ಸೀಟು ಬೆಂಚಿನಂತೆ ಉದ್ದಕ್ಕಿತ್ತು. ಡ್ರೈವರ್ ಕಡೆಯ ಬಾಗಿಲು ಒಳಗಿನಿಂದ ತೆರೆಯುತ್ತಿರಲಿಲ್ಲ, ಅದರ ಗಾಜೂ ನಾಲ್ಕು ಬೆರಳಿಗಿಂತ ಕೆಳಗಿಳಿಯುತ್ತಿರಲಿಲ್ಲ. ಪೆಟ್ರೋಲ್ ಎಷ್ಟಿದೆ ಎಂದು ತೋರಿಸುವ ಮುಳ್ಳು ಡಾಕ್ಟರ ಕಾಲದಲ್ಲೇ ಸತ್ತಿತ್ತು. ಇಷ್ಟು ಬಿಟ್ಟರೆ ರಾಜನಂಥ ಗಾಡಿ. ಅಂಗಳಕ್ಕೆ ತಂದು ನಿಲ್ಲಿಸಿದಾಗ ಅಪ್ಪ ಸುತ್ತ ಒಂದು ಸುತ್ತು ಹಾಕಿ, ಗಾಲಿಯನ್ನು ಕಾಲಿನಿಂದ ಒತ್ತಿ ನೋಡಿ ಅಂದ:

"ಎರಡು ಎತ್ತು ತಂದಿದ್ರ ಸಗಣಿಯರ ಹಾಕ್ತಿದ್ವು."

ಕಾರಿನ ರೋಗ ಮೊದಲ ವಾರವೇ ಗೊತ್ತಾಯಿತು. ಆಳಂದ ಬಿಡುವಾಗ ಸೊಗಸಾಗಿ ಓಡುತ್ತಿತ್ತು. ಸ್ವಲ್ಪ ದೂರ ಹೋದ ಮೇಲೆ ಇಂಜಿನ್ನು ಬಿಕ್ಕಲು ಶುರು. ವೇಗ ಇಳಿಸಿದರೆ ಚಳಿಜ್ವರ ಬಂದವರ ಹಾಗೆ ಮೈಯೆಲ್ಲ ನಡುಗುತ್ತಿತ್ತು. ಬಾಗಿಲ ಗಾಜು, ಕನ್ನಡಿ, ಅಪ್ಪನ ಎಲೆಅಡಿಕೆ ಡಬ್ಬಿ ಎಲ್ಲವೂ ಗಡಗಡ ಅನ್ನುತ್ತಿದ್ದವು. ಆಮೇಲೆ ಒಮ್ಮೆ ಜಗ್ಗಿ, ನಿಂತೇಬಿಡುತ್ತಿತ್ತು.

ನಮ್ಮ ಕಡೆ ರಸ್ತೆಯಲ್ಲಿ ನಿಂತ ಗಾಡಿಯನ್ನು ಕಂಡು ಸುಮ್ಮನೆ ಹೋಗುವವರಿಲ್ಲ. ಹೊಲದಿಂದ ಒಬ್ಬ, ಬಂಡಿ ಇಳಿದು ಒಬ್ಬ, ಸೈಕಲ್ ಒರಗಿಸಿ ಇನ್ನೊಬ್ಬ, ಹೀಗೆ ಬಂದು ಸೇರುತ್ತಿದ್ದರು. ಮೊದಲ ಪ್ರಶ್ನೆ ಎಲ್ಲರದೂ ಒಂದೇ: "ಎಣ್ಣಿ ಅದನ ಇಲ್ರಿ ಒಳಗ?" ಯಾರಾದರೂ ಬದುವಿನಿಂದ ಒಣ ತೊಗರಿ ಕಟ್ಟಿಗೆ ಮುರಿದು ತಂದು, ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ಅದ್ದಿ, ಮೂಸಿ ನೋಡಿ "ಅದರಿ, ಭಾಳ ಅದ" ಅನ್ನುತ್ತಿದ್ದ. ಮುದುಕನೊಬ್ಬ ದೃಷ್ಟಿ ತೆಗೆಯಲೆಂದು ಕಾರಿಗೆ ಲಿಂಬೆಹಣ್ಣು ಇಳಿಸುತ್ತಿದ್ದ. ಆಮೇಲೆ ಎಲ್ಲರೂ ಸೇರಿ ದೂಡುತ್ತಿದ್ದರು. ಕಾರು ಶುರುವಾಗುತ್ತಿತ್ತು! ದೂಡಿದವರು ತಮ್ಮ ತೋಳಿಗೆ, ಲಿಂಬೆಹಣ್ಣು ಇಳಿಸಿದ ಮುದುಕ ತನ್ನ ಲಿಂಬೆಹಣ್ಣಿಗೆ ಅದರ ಯಶಸ್ಸನ್ನು ಹಚ್ಚಿಕೊಳ್ಳುತ್ತಿದ್ದರು.

ಆಳಂದದ ಬಸ್ ನಿಲ್ದಾಣದ ಹಿಂದೆ ಗ್ಯಾರೇಜಿದ್ದ ಉಸ್ತಾದರಿಗೆ ತೋರಿಸಿದೆ. ಅವರು ಕಾರ್ಬೊರೇಟರ್ ಬಿಚ್ಚಿ ತೊಳೆದರು. ಪ್ಲಗ್ಗು ಉಜ್ಜಿದರು. ಪೆಟ್ರೋಲ್ ಬರುವ ನಳಿಕೆಯನ್ನು ಬಾಯಲ್ಲಿಟ್ಟು ಊದಿದರು. ಕೊನೆಗೆ ಇಂಜಿನ್ ಚಾಲೂ ಮಾಡಿ, ಬಾನೆಟ್ಟಿನ ಮೇಲೆ ಚಹಾದ ಗ್ಲಾಸಿಟ್ಟು ನನ್ನತ್ತ ನೋಡಿದರು. ಒಂದು ಹನಿ ತುಳುಕಲಿಲ್ಲ.

"ನೋಡ್ರಿ ಮಾಸ್ತರ್ ಸಾಬ್, ಹ್ಯಾಂಗ ನಿದ್ದಿ ಮಾಡಾಕತ್ಯಾದ ಕೂಸಿನಂಗ!"

ಮರುವಾರ ಆ ಕೂಸು ಹಿರೋಳ್ಳಿ ರಸ್ತೆಯಲ್ಲಿ ಮತ್ತೆ ಹಟ ಹಿಡಿಯಿತು. ತಿರುಗಿ ಹೋಗಿ ಕೇಳಿದರೆ ಉಸ್ತಾದರು ಊರೊಳಗೆ ಎರಡು ಸುತ್ತು ಹೊಡೆಸಿ ತಂದು ಅಂದರು: "ಗಾಡಿ ಏಕದಂ ಫಸ್ಟ್ ಅದ. ಆ ರಸ್ತಾನೇ ಖರಾಬ್ ಅದ್ರಿ. ನೀವು ಆ ಕಡಿ ಹೋಗಬ್ಯಾಡ್ರಿ. ಭೂಸನೂರ ಕಡಿ ಹೋಗ್ರಿ."

"ಭೂಸನೂರದಾಗ ನಮಗೇನ ಕೆಲಸರಿ? ನಮ್ಮ ಹೊಲ ಇರೋದು ಈ ಕಡಿ."

"ಅದು ನಿಮ್ಮ ಪ್ರಾಬ್ಲಂ ಆಯ್ತಲ್ರಿ, ಗಾಡೀದಲ್ಲ."

ಅಪ್ಪ ಮಾತ್ರ ಮುಂದಿನ ಸೀಟಿನಲ್ಲಿ ಕುಳಿತು ಮೀಸೆ ತಿರುವುತ್ತ ಎಲ್ಲವನ್ನೂ ಗಮನಿಸುತ್ತಿದ್ದ. ಒಂದು ದಿನ ಅವನೇ ಹೇಳಿದ: "ಹೊಟ್ಟಿ ತುಂಬ ಕುಡಿಸಿದ್ರ ಜಲ್ದಿ ನಿಂದರ್ತದ. ಅರ್ಧ ಕುಡಿಸಿದ್ರ ಜರಾ ದೂರ ಹೋಗ್ತದ. ಕುಡಕರ ಹಣೆಬರಹ ಎಲ್ಲಾ ಹಿಂಗೇ."

ಎಳ್ಳಮಾವಾಸ್ಯೆ ಹತ್ತಿರ ಬಂತು. ಅಂದು ನಮ್ಮ ಕಡೆ ಊರಲ್ಲಿ ಯಾರೂ ಇರುವುದಿಲ್ಲ. ಭಜ್ಜಿ, ಸಜ್ಜೆಯ ಕಡಬು, ಅಂಬಲಿ ಕಟ್ಟಿಕೊಂಡು ಎಲ್ಲರೂ ಹೊಲಕ್ಕೆ ಹೋಗಿ, ತಂದ ಅಡುಗೆಯನ್ನು ಬೆಳೆಗೆ ಚರಗವೆಂದು ಚೆಲ್ಲಿ, ಭೂತಾಯಿಗೆ ಉಣಿಸಿ ತಾವೂ ಉಣ್ಣುತ್ತಾರೆ. ನೆಂಟರು, ಅಕ್ಕಪಕ್ಕದ ಹೊಲದವರು ಎಲ್ಲ ನೆರೆಯುವ ದಿನ. ಅಪ್ಪ ಆ ದಿನವನ್ನೇ ಆರಿಸಿಕೊಂಡ.

"ಲೇ ಮಾಸ್ತರಾ, ಎಳ್ಳಮಾಸಿಗಿ ಹೊಲಕ್ಕ ಇದರಾಗೇ ಹೋಗೂಣು. ನಡುವ ನಿಂದರಲಿಲ್ಲ ಅಂದ್ರ ಮನ್ಯಾಗಿರ್ಲಿ. ನಿಂತ್ರ ಅಲ್ಲಿಂದಾನೇ ಗುಜರಿಗಿ. ಗುಜರಿಯಾಂವಗ ಹೇಳಿಟ್ಟೀನಿ."

ಅಪ್ಪ ಹೇಳಿದನೆಂದರೆ ಮಾಡುತ್ತಿದ್ದ. ಕಾರು ಹೋಗುವುದಕ್ಕಿಂತ, 'ಕಲ್ತಾಂವ ತಂದ ಗಾಡಿ' ಎಂದು ನೆಂಟರು ಪ್ರತಿ ಮದುವೆಯಲ್ಲೂ ನೆನೆಸಿ ನಗುವುದನ್ನು ಜೀವಮಾನವಿಡೀ ಕೇಳಬೇಕಲ್ಲ ಎಂಬುದೇ ನನಗೆ ದೊಡ್ಡ ಚಿಂತೆಯಾಗಿತ್ತು.

ಅಮಾವಾಸ್ಯೆಗೆ ಮುಂಚಿನ ಭಾನುವಾರ ಒಬ್ಬನೇ ಕಾರು ತೆಗೆದುಕೊಂಡು ಹೊರಟೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕು, ಆಗಲೇ ಕಾರಣ ತಿಳಿಯುವುದು ಎಂದು ಮಕ್ಕಳಿಗೆ ಹೇಳಿಕೊಡುವವನು ನಾನು. ಗಾಡಿಗೂ ಅದನ್ನೇ ಮಾಡಬೇಕೆಂದು ನಿಶ್ಚಯಿಸಿದ್ದೆ. ಕಾರು ವಾಡಿಕೆಯಂತೆ ನಡುಗಿ ನಿಂತಿತು. ವಾಡಿಕೆಯಂತೆ ಮಂದಿಯೂ ಬಂದರು. ಒಬ್ಬ ಆಗಲೇ ತೊಗರಿ ಕಟ್ಟಿಗೆ ಮುರಿಯುತ್ತಿದ್ದ.

"ತಡೀರಿ. ಮುಚ್ಚಳ ತೆಗೀಬ್ಯಾಡ್ರಿ. ಮೊದಲ ಬರೇ ದೂಡ್ರಿ."

ದೂಡಿದರು. ಶುರುವಾಗಲಿಲ್ಲ. ಇನ್ನಷ್ಟು ದೂಡಿದರು. ಇಲ್ಲ. ಮುದುಕ ಲಿಂಬೆಹಣ್ಣು ಇಳಿಸಿ ಗಾಲಿಯ ಕೆಳಗಿಟ್ಟ. ಇಲ್ಲ. ಬಾನೆಟ್ ಎತ್ತಿ ಎಲ್ಲರೂ ಇಂಜಿನ್ನಿಗೆ ಬುದ್ಧಿ ಹೇಳಿದರು. ಅದಕ್ಕೂ ಇಲ್ಲ. ಕೊನೆಗೆ ನಾನೇ ಹಿಂದೆ ಹೋಗಿ ಟ್ಯಾಂಕಿನ ಮುಚ್ಚಳ ತಿರುವಿದೆ. 'ಸುಸ್ಸ್' ಎಂದು ದೊಡ್ಡದೊಂದು ಉಸಿರು ಒಳಗೆ ಹೋಯಿತು. ಬಂದು ಕೀಲಿ ತಿರುವಿದರೆ, ಯಾರೂ ದೂಡದೆಯೇ ಕಾರು ಗುರ್ ಅಂದಿತು.

"ಲಿಂಬಿಹಣ್ಣು ಒಮ್ಮೊಮ್ಮೆ ಜರಾ ತಡಾ ಆಗಿ ಹತ್ತತದ್ರಿ," ಎಂದ ಮುದುಕ.

ಮುಚ್ಚಳವನ್ನು ಕೈಯಲ್ಲಿ ಹಿಡಿದು ನೋಡಿದೆ. ಪೆಟ್ರೋಲ್ ಖರ್ಚಾದಷ್ಟೂ ಅದರ ಜಾಗಕ್ಕೆ ಗಾಳಿ ಒಳಗೆ ಹೋಗಬೇಕು. ಅದಕ್ಕಾಗಿ ಇಂಥ ಮುಚ್ಚಳದ ನೆತ್ತಿಯಲ್ಲಿ ಸೂಜಿಮೊನೆಯಷ್ಟು ತೂತಿರುತ್ತದೆ. ಗಾಳಿ ಹೋಗದಿದ್ದರೆ ಟ್ಯಾಂಕಿನ ಒಳಗೆ ಎಳೆತ ಹುಟ್ಟಿ, ಪಂಪು ಎಷ್ಟು ಹೀರಿದರೂ ಪೆಟ್ರೋಲ್ ಬರುವುದಿಲ್ಲ. ಟ್ಯಾಂಕು ತುಂಬಿದ್ದರೆ ಒಳಗಿರುವ ಗಾಳಿಯೇ ಕಡಿಮೆ, ಆದ್ದರಿಂದ ಬೇಗ ಉಸಿರು ಕಟ್ಟುತ್ತದೆ. ಕುಡುಕರ ಬಗ್ಗೆ ಅಪ್ಪ ಹೇಳಿದ್ದು ಭೌತಶಾಸ್ತ್ರದ ಪ್ರಕಾರವೂ ಸರಿಯಾಗಿತ್ತು.

ಆದರೆ ನನ್ನ ಕೈಯಲ್ಲಿದ್ದ ಮುಚ್ಚಳದಲ್ಲಿ ತೂತು ಕಾಣಲಿಲ್ಲ. ಅಲ್ಲಿ ಕಂಡದ್ದು ಪದರು ಪದರಾಗಿ ಗಟ್ಟಿಯಾದ ವಿಭೂತಿ!

ನಮ್ಮ ಮನೆಯಲ್ಲಿ ವಿಭೂತಿ ಹಚ್ಚಿಕೊಳ್ಳದೆ ಯಾರೂ ತಾಟಿನ ಮುಂದೆ ಕೂಡುವಂತಿರಲಿಲ್ಲ. ಪೆಟ್ರೋಲ್ ಹಾಕಿಸುವುದೆಂದರೆ ಕಾರು ಉಣ್ಣುವುದು ಎಂಬುದು ಅವ್ವನ ತಿಳಿವಳಿಕೆ. ನಾನು ಪಂಪಿಗೆ ಹೊರಟೆನೆಂದರೆ ಅವಳು ವಿಭೂತಿ ನೀರಲ್ಲಿ ಕಲಸಿ ತಂದು, ಮೂರು ಬೆರಳಿನಿಂದ ಆ ಮುಚ್ಚಳಕ್ಕೆ ಎಳೆಯುತ್ತಿದ್ದಳು. "ಪಾಪ, ತಾನಾ ಹಚ್ಚಕೊಳ್ಳಾಕ ಅದಕ್ಕ ಕೈ ಇಲ್ಲ" ಅನ್ನುತ್ತಿದ್ದಳು. ಅವಳ ಭಕ್ತಿಗೂ ಇಂಜಿನ್ನಿನ ನಡುಕಕ್ಕೂ ನಂಟಿರಬಹುದೆಂದು ಯಾವ ಉಸ್ತಾದರಿಗೆ ತಾನೇ ಹೊಳೆದೀತು?

ಪಿನ್ನಿನಿಂದ ತೂತು ಬಿಡಿಸಿದೆ. ಊರಿಗೆ ಹೋಗಿ ಬಂದೆ. ಕಾರು ಎಲ್ಲಿಯೂ ಕೆಮ್ಮಲೂ ಇಲ್ಲ.

ಮನೆಯಲ್ಲಿ ಕಾರಣ ಹೇಳಲು ಮಾತ್ರ ಬಾಯಿ ಬರಲಿಲ್ಲ. ಅಪ್ಪನಿಗೆ ತಿಳಿದರೆ ಅವ್ವನನ್ನು ಸಾಯುವವರೆಗೆ ಕಾಡಿಸುತ್ತಾನೆ. ಅವ್ವನಿಗೆ ಉಪಾಯದಿಂದ ಹೇಳಿ ನೋಡಿದೆ: "ಯವ್ವಾ, ಇನ್ನ ಮ್ಯಾಲ ಕಾರಿಗಿ ನಾನೇ ವಿಭೂತಿ ಹಚ್ತೀನಿ."

"ಜಳಕ ಮಾಡೂಕ್ಕಿಂತ ಮೊದಲ ಚಹಾ ಕುಡಿಯಾಂವ, ನೀ ಹಚ್ತೀ?" ಎಂದಳು. ಮಾತು ಅಲ್ಲಿಗೇ ಮುಗಿಯಿತು.

ಅಮಾವಾಸ್ಯೆಯ ಬೆಳಿಗ್ಗೆ, ಅವ್ವನ ಕಣ್ಣು ತಪ್ಪಿಸಿ ಹಿಂದಿನ ದಿನವೇ ಟ್ಯಾಂಕು ತುಂಬಿಸಿಟ್ಟಿದ್ದ ಕಾರಿಗೆ ಸಾಮಾನು ಏರಿಸಿದೆವು. ಮುಂದಿನ ಸೀಟಿನ ನಡುವೆ ಅಂಬಲಿಯ ಕೊಡ. ಅದರ ಆಚೆ ಹೊಸ ರುಮಾಲು ಸುತ್ತಿದ ಅಪ್ಪ, ಈಚೆ ನಾನು. ಹಿಂದೆ ಕಡಬಿನ ಬುಟ್ಟಿ, ಭಜ್ಜಿಯ ಪಾತ್ರೆಗಳ ನಡುವೆ ನನ್ನ ಹೆಂಡತಿ. ಹೊರಗಿನಿಂದ ಯಾರೋ ನನ್ನ ಬಾಗಿಲು ಹಾಕಿದರು. ಅವ್ವ ಎಲ್ಲಿ ಎಂದು ಕನ್ನಡಿಯಲ್ಲಿ ನೋಡಿದರೆ, ಕಾರಿನ ಹಿಂದೆ ಹಿತ್ತಾಳೆಯ ಬಟ್ಟಲು ಹಿಡಿದು ಬಗ್ಗಿದ್ದಾಳೆ!

"ಯವ್ವಾ, ಬ್ಯಾಡ! ಸಾಕು!"

"ತಡಿಯೋ, ಇವತ್ತ ದೊಡ್ಡ ಅಮಾಸಿ," ಎಂದು ಇನ್ನೆರಡು ಸಲ ಎಳೆದಳು.

ಇಳಿಯೋಣವೆಂದರೆ ನನ್ನ ಬಾಗಿಲು ಒಳಗಿನಿಂದ ತೆರೆಯದು. ಆಚೆಯ ಬಾಗಿಲಿಂದ ಹೋಗಲು ಅಪ್ಪನನ್ನು ಇಳಿಸಬೇಕೆಂದರೆ ಕಾರಣ ಹೇಳಬೇಕು. ಅವ್ವ ಹತ್ತಿ ಕುಳಿತಳು. "ಶಿವಾ ಅಂದು ನಡಿ," ಎಂದಳು.

ಹೊರಟೆ. ತುಂಬಿದ ಟ್ಯಾಂಕು, ಮೆತ್ತಿದ ತೂತು. ನಡುವೆ ನಿಲ್ಲಿಸಿ ಮುಚ್ಚಳ ಒರೆಸೋಣವೆಂದರೆ ನಿಂತರೆ ಗುಜರಿ ಎಂಬ ಕರಾರು. ದೇವರನ್ನೂ ವಾತಾವರಣದ ಒತ್ತಡವನ್ನೂ ಒಟ್ಟಿಗೆ ನೆನೆಯುತ್ತ ಓಡಿಸಿದೆ. ಆಳಂದ ದಾಟಿ ಅಷ್ಟು ದೂರ ಹೋಗುವಷ್ಟರಲ್ಲಿ ಕಾರು ಬಿಕ್ಕಿತು. ಅಪ್ಪ ಕೊಡದ ಮೇಲೆ ಕೈಯಿಟ್ಟು, ಬಹಳ ದಿನದ ನೆಂಟನನ್ನು ಬರಮಾಡಿಕೊಳ್ಳುವವನಂತೆ ಅಂದ: "ಬಂತು."

ರಸ್ತೆಯ ಬದಿಗೆ ಎಳೆದೆ. ಇಂಜಿನ್ನು ಇನ್ನೂ ಜೀವ ಹಿಡಿದುಕೊಂಡಿತ್ತು. ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಸತ್ತೇಹೋಗುತ್ತಿತ್ತು. ಇಡೀ ಕಾರು ನಡುಗುತ್ತಿದೆ, ಅಂಬಲಿ ತುಳುಕಿ ಅಪ್ಪನ ಧೋತರದ ಮೇಲೆ ಬೀಳುತ್ತಿದೆ.

"ಯವ್ವಾ, ಇಳಿ! ಹಿಂದಿನ ಮುಚ್ಚಳ ತೆಗಿ! ಜಲ್ದಿ!"

"ಯಾಕೋ? ಈಗರ ಹಚ್ಚೀನಿ..."

"ಅದಕ್ಕ ಉಸಿರು ಕಟ್ಟ್ಯಾದ ಬೇ!"

ಉಸಿರು ಎಂಬ ಮಾತು ಕೇಳಿದ್ದೇ ತಡ, ಅವ್ವ ಸೆರಗು ಸಿಕ್ಕಿಸಿ ಓಡಿದಳು. ಕನ್ನಡಿಯಲ್ಲಿ ಅವಳ ಎರಡೂ ಕೈ ಮುಚ್ಚಳ ತಿರುವುತ್ತಿರುವುದು ಕಂಡಿತು. ಇಂಜಿನ್ನು ಕೊನೆಯ ಸಲ ಎಂಬಂತೆ ಜಗ್ಗಿತು. ಅಷ್ಟರಲ್ಲಿ ಆ 'ಸುಸ್ಸ್' ಕೇಳಿಸಿತು. ನಡುಕ ಇಳಿಯುತ್ತ ಇಳಿಯುತ್ತ, ಕೊಡದಲ್ಲಿ ಅಂಬಲಿ ಸುಮ್ಮನಾಯಿತು.

ಅವ್ವ ಮುಚ್ಚಳ ಹಿಡಿದುಕೊಂಡು ನನ್ನ ಕಿಟಕಿಗೆ ಬಂದಳು. "ಖರೇನೇ ಉಸಿರು ಎಳಕೊಂತಲ್ಲೋ!"

ಇನ್ನು ಮುಚ್ಚಿಡುವಂತಿರಲಿಲ್ಲ. ವಿಭೂತಿಯ ಕೆಳಗಿನ ತೂತು ತೋರಿಸಿ ಹೇಳಿದೆ: "ಇದು ಬಾಯಿ ಖರೇ, ಆದ್ರ ಇಲ್ಲೇ ಅದರ ಮೂಗೂ ಅದ ಬೇ. ಮೂಗು ಮುಚ್ಚಿದ್ರ ಹ್ಯಾಂಗ ಓಡ್ತದ?"

ಅವಳು ನೊಂದುಕೊಳ್ಳುತ್ತಾಳೆ ಅಂದುಕೊಂಡಿದ್ದೆ. ನನ್ನ ಮೇಲೆಯೇ ಏರಿಬಂದಳು. "ಅಷ್ಟ ಓದಿ ಏನ ಕಲ್ತಿ? ಮೂಗ ಎಲ್ಲದ ಅಂತ ಮನ್ಯಾಗಿನವರಿಗಿ ಹೇಳಾಕ ಬರಲ್ಲೇನು? ಇಷ್ಟ ದಿನ ನನ್ನ ಕೈಲೇ ಅದರ ಮೂಗು ಮುಚ್ಚಿಸಿದ್ಯಲ್ಲೋ!"

ಅಪ್ಪ ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದ. ಅವ್ವ ಆ ಕಡೆ ತಿರುಗಿದಳು.

"ನೀವೇನ ನಗ್ತೀರಿ? ವಾರಾ ವಾರಾ ಇದರಾಗ ಕುಂತು ಮೀಸಿ ತಿರುವಿದವ್ರು. ನಿಮಗರ ಗೊತ್ತಿತ್ತೇನು?"

ನಗು ನಿಂತಿತು. ಅಪ್ಪ ರುಮಾಲು ಸರಿಮಾಡಿಕೊಂಡು ಅಸಲು ವಿಷಯಕ್ಕೆ ಬಂದ: "ಅದೆಲ್ಲಾ ಇರ್ಲಿ. ಗಾಡಿ ನಿಂತದ."

"ಗಾಲಿ ನಿಂತಾವ ಯಪ್ಪಾ. ಇಂಜಿನ್ ನಿಂತಿಲ್ಲ. ಕೇಳು, ಓಡಾಕತ್ಯಾದ."

"ಮಾತು ಆಗಿದ್ದು ಗಾಡೀದು. ಇಂಜಿನ್ನಿಂದಲ್ಲ."

"ನಾ ಇಳಿಯಾಕಂತ ಅಂವ ನಿಂದರ್ಸ್ಯಾನ," ಎಂದಳು ಅವ್ವ, ತೂತು ಒರೆಸಿ ಮುಚ್ಚಳ ಹಾಕಿಬಂದು, ಹಿಂದೆ ಹತ್ತಿ ಬಾಗಿಲು ಎಳೆದುಕೊಳ್ಳುತ್ತ. "ಮಂದಿ ಇಳಿಸಾಕ ಬಸ್ಸೂ ನಿಂದರ್ತದ. ಅದನ್ನೂ ಗುಜರಿಗಿ ಹಾಕ್ತೀರೇನು? ನಡಿಯೋ, ಕಡಬು ಆರ್ತಾವ."

ಅಪ್ಪ ಧೋತರದ ಮೇಲಿನ ಅಂಬಲಿ ಒರೆಸಿಕೊಳ್ಳುತ್ತ ಮುಂದೆ ನೋಡಿದ. ಹೊಲದವರೆಗೂ ಒಂದೇ ಓಟ.

ಹೊಲದಲ್ಲಿ ನೆಂಟರು ಕಾರಿನ ಸುತ್ತ ನೆರೆದರು. ಚರಗ ಚೆಲ್ಲಿ ಬಂದು ನೋಡುತ್ತೇನೆ, ಅಪ್ಪ ನಡುವೆ ನಿಂತು, ಮುಚ್ಚಳ ಕೈಯಲ್ಲಿ ಹಿಡಿದು ಪಾಠ ಹೇಳುತ್ತಿದ್ದಾನೆ: "ಇದು ನೋಡ್ರಿ ಮೂಗು. ಭಾಳ ಮಂದಿಗಿ ಗೊತ್ತಿರಂಗಿಲ್ಲ. ನಮ್ಮ ಗಾಡೀಗಿ ಹೊಟ್ಟಿ ತುಂಬಿದ್ರ ಉಸಿರಾಟ ಜರಾ ನಾಜೂಕು..." ಅಲ್ಲಿಯವರೆಗೆ ಅದು 'ನಿನ್ನ ಗಾಡಿ' ಆಗಿತ್ತು.

ಆಮೇಲೆ ಅಪ್ಪನನ್ನು ಹಿಡಿಯುವವರಿರಲಿಲ್ಲ. ಒಂದು ದಿನ ಅಫಜಲಪುರದ ಬೀಗರ ಮನೆಗೆ, ಇನ್ನೊಂದು ದಿನ ಸೊನ್ನದಲ್ಲಿ ಭೀಮೆಯ ನೀರು ನೋಡಲು. ಶಾಲೆ ಬಿಟ್ಟು ನಾನು ಹೋಗಲಾರೆನೆಂದಾಗ, ಊರಿನಿಂದ ಒಬ್ಬ ಡ್ರೈವರನನ್ನೇ ಕರೆದುಕೊಂಡು ಬಂದ. ಅವ್ವ ಈಗ ಮೂಗು ಬಿಟ್ಟು ಬಾನೆಟ್ಟಿನ ಹಣೆಗೆ ವಿಭೂತಿ ಎಳೆದು ಕಳಿಸುತ್ತಿದ್ದಳು.

ಒಂದು ಮಧ್ಯಾಹ್ನ ಶಾಲೆಯ ಕೆಲಸಕ್ಕೆ ಗುಲಬರ್ಗಾಕ್ಕೆ ಹೋಗಬೇಕಾಗಿ ಆಳಂದದ ಬಸ್ ನಿಲ್ದಾಣದ ಹೊರಗೆ ಬಿಸಿಲಲ್ಲಿ ನಿಂತಿದ್ದೆ. ನಮ್ಮ ಕಾರು ಅದೇ ದಿಕ್ಕಿಗೆ ಬಂತು. ಹಿಂದಿನ ಸೀಟಿನಲ್ಲಿ ಅಪ್ಪ, ಪಕ್ಕದಲ್ಲಿ ಅವನ ಗೆಳೆಯರಿಬ್ಬರು. ನಾನು ಕೈಮಾಡಿದೆ. ಅಪ್ಪನೂ ನಕ್ಕು ಕೈಮಾಡಿದ. ಕಾರು ಬಿಕ್ಕಲಿಲ್ಲ, ನಡುಗಲಿಲ್ಲ, ನಿಲ್ಲಲೂ ಇಲ್ಲ.