ಕಾಲುವೆ ದಂಡೆಯ ಕೂಗು

ಬೀರಪ್ಪನನ್ನು ನಂಬಿದ ಅಕ್ಕತಂಗಿಯರೇ, ನನ್ನ ಮಗಳು ಮಾಯವ್ವನಿಗೆ, ನಮ್ಮ ಮಾಯಿಗೆ, ಮೂರು ವರ್ಷ ತುಂಬಿದರೂ ಬಾಯಿಂದ ಒಂದು ಮಾತು ಹೊರಟಿರಲಿಲ್ಲ. ಬೆನ್ನ ಹಿಂದೆ ಕೊಡ ಉರುಳಿ ಬಿದ್ದರೂ ತಿರುಗುತ್ತಿರಲಿಲ್ಲ. ಗೋಕಾಕದ ಡಾಕ್ಟರು ತಪಾಸಣೆ ಮಾಡಿ, ಎರಡೂ ಕಿವಿ ಮಂದ, ಮಷೀನು ಹಾಕಬೇಕು ಎಂದರು. ಕಲ್ಲೋಳಿಗೆ ಮರಳುವ ಬಸ್ಸಿನಲ್ಲಿ ಅವಳು ನನ್ನ ಮಡಿಲಲ್ಲಿ ನಗುತ್ತ ಕೂತಿದ್ದಳು. ನನಗೆ ಅಳುವುದಕ್ಕೂ ಧೈರ್ಯ ಬರಲಿಲ್ಲ.

ನಾವು ಕುರಿ ಕಾಯುವವರು. ಅಂದು ಸಂಜೆಯೇ ಅತ್ತೆ ನನ್ನನ್ನು ಬೀರಪ್ಪನ ಗುಡಿಗೆ ಕರೆದೊಯ್ದು, ಹಣೆಗೆ ಭಂಡಾರದ ಅರಿಸಿನ ಹಚ್ಚಿ ಹರಕೆ ಹೊರಿಸಿದರು. ಮಗಳು ಮಾತಾಡುವ ತನಕ ನಾನು ಮನುಷ್ಯರೊಡನೆ ಮಾತಾಡಬಾರದು. ಕುರಿಗಳನ್ನು ಮಾತ್ರ ಕೂಗಬಹುದು, ಹಿಂಡು ದೇವರದು. ನಾನೋ ದೊಡ್ಡ ಬಾಯಿಯವಳು. ಗಂಡ ಒಳಗೊಳಗೇ ಖುಷಿಪಟ್ಟಿರಬೇಕು.

ಮಷೀನು ಬಂತು. ಗೋಕಾಕದಲ್ಲಿ ಇಂಥ ಮಕ್ಕಳಿಗೆ ಕಲಿಸುವ ಅಕ್ಕೋರು ನನ್ನನ್ನು ಎದುರಿಗೆ ಕೂರಿಸಿಕೊಂಡರು. "ಮಷೀನು ದನಿ ಮುಟ್ಟಸತೈತ್ರಿ, ಮಾತು ಕಲಸಾಂಗಿಲ್ಲ. ಉಣಸುವಾಗ, ಮೈಗೆ ನೀರು ಎರಿಯುವಾಗ ನೀವ ಮಾತಾಡಬೇಕ್ರಿ. ಈ ವಯಸ್ಸು ದಾಟಿದ್ರ ಭಾಳ ತ್ರಾಸ ಐತಿ."

ನಾನು ತಲೆ ತಗ್ಗಿಸಿದೆ. ಅತ್ತೆಯೇ ಹರಕೆಯ ಸಂಗತಿ ಹೇಳಿದರು.

"ಕುರಿಗೆ ಕೂಗ್ತಾರ, ಹಡದ ಮಗಳಿಗೆ ಇಲ್ಲೇನ್ರಿ?"

"ಹರಕಿ ಮುರದ್ರ ಕೂಸಿಗೇ ತಗಲತೈತ್ರಿ ಅಕ್ಕೋರ."

ಆ ಮಾತು ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ನಾಟಿತು. ಮಾಯಿ ಮೊದಮೊದಲು ನನ್ನ ಮುಚ್ಚಿದ ಬಾಯನ್ನೇ ದಿಟ್ಟಿಸುತ್ತಿದ್ದಳು. ಬರಬರುತ್ತ ನೋಡುವುದನ್ನೇ ಬಿಟ್ಟಳು. ಹೊತ್ತು ಮೀರುತ್ತಿದೆ ಎಂದು ನನಗೆ ಗೊತ್ತಾಗುತ್ತಿತ್ತು.

ಹಿಡಕಲ್ ಅಣೆಕಟ್ಟಿನಿಂದ ಕಾಲುವೆಗೆ ನೀರು ಬಿಟ್ಟ ದಿನಗಳವು. ದಂಡೆಯ ಮೇಲೆ ಕುರಿ ಮೇಯುತ್ತಿದ್ದವು. ಕಿವಿಗೆ ಮಷೀನು ಹಾಕಿಕೊಂಡಿದ್ದ ಮಾಯಿ ಮರಿಯೊಂದರ ಬೆನ್ನು ಹತ್ತಿ ನೀರಿನತ್ತ ನಡೆದಳು. ಕೆಂಪು ನೀರು ದಡ ಕೊರೆಯುತ್ತ ಓಡುತ್ತಿತ್ತು. ನಮ್ಮಿಬ್ಬರ ನಡುವೆ ಇಡೀ ಹಿಂಡು, ಓಡಿದರೂ ನಾನು ಮುಟ್ಟುವಂತಿರಲಿಲ್ಲ. ಹೆಸರು ಕೂಗಿದರೆ ಹರಕೆ ಮುರಿದು ಕೂಸಿಗೆ ತಗಲುತ್ತದೆ. ಕೂಗದಿದ್ದರೆ ನೀರು. ಬೀರಪ್ಪಾ, ನೀನೇ ಕೂಗೋ ಎಂದು ಮನಸ್ಸಿನಲ್ಲೇ ಮೊರೆಯಿಟ್ಟೆ.

ನನ್ನ ಗಂಟಲಿನಿಂದ ಹೊರಟದ್ದು ಕುರಿ ತಿರುಗಿಸುವ ಕೂಗು. "ಹುರ್ರ್ಯಾ... ಹೋ!"

ಹಿಂಡು ನಿಂತಿತು. ಮಾಯಿಯೂ ನಿಂತಳು. ಕತ್ತು ಹೊರಳಿಸಿ ನನ್ನನ್ನು ನೋಡಿದಳು.

ಅವಳನ್ನು ಎತ್ತಿಕೊಂಡು ನೇರ ಗುಡಿಗೆ ಹೋದೆ. ದೂರದಿಂದ ಎಲ್ಲ ಕಂಡಿದ್ದ ಅತ್ತೆ ಹಿಂದೆಯೇ ಓಡಿಬಂದರು. ಅವರ ಬಾಯಿಂದ ಎಲ್ಲ ಕೇಳಿದ ಮುದಿ ಪೂಜಾರಿ ನನ್ನ ತುಟಿಗೆ ಭಂಡಾರ ಹಚ್ಚಿದರು. "ಹಿಂಡು ದೇವರದು ಅಂದ್ರೆಲ್ಲ, ಈ ಕೂಸು ಯಾರದು? ಇದೂ ಆ ಹಿಂಡಿಂದ ಐತಿ. ಹರಕಿ ದೇವರಿಗೆ ಮುಟ್ಟೇತಿ. ಮಾತಾಡವ್ವ."

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಮಾತಾಡ ಯವ್ವ, ಬಾಯಿ ನೋಯೂತನಾ ಮಾತಾಡ" ಎಂದರು.

ಆಮೇಲೆ ನಾನು ಬಾಯಿ ಮುಚ್ಚಿಲ್ಲ. ರೊಟ್ಟಿ ತಟ್ಟುತ್ತ, ಹೆರಳು ಹಾಕುತ್ತ, ಬಸ್ಸಿಗೆ ಕಾಯುತ್ತ ಅವಳೊಡನೆ ಮಾತಾಡುತ್ತಲೇ ಇದ್ದೇನೆ. ಕಾಲುವೆಯ ಸದ್ದು ಕೇಳಿದರೆ ಈಗಲೂ ಅವಳ ಕೈ ಹಿಡಿದುಕೊಳ್ಳುತ್ತೇನೆ. ಆದರೆ ಕೇಳುವವನೊಬ್ಬನಿದ್ದಾನೆ ಎಂಬುದರಲ್ಲಿ ನನಗೆ ಅನುಮಾನ ಉಳಿದಿಲ್ಲ. ಅವನ ಪಾದಕ್ಕೆ ನನ್ನ ಹಣೆ.

ಮೊನ್ನೆ ಹಟ್ಟಿಯ ಬಾಗಿಲಲ್ಲಿ ನಿಂತು ಮಾಯಿ ಮೊದಲ ಸಲ ಬಾಯಿ ಬಿಟ್ಟಳು. ಅವ್ವ ಎನ್ನಲಿಲ್ಲ. "ಹುಯ್ಯಾ... ಹೋ!" ಎಂದಳು. ಕುರಿಗಳೆಲ್ಲ ತಿರುಗಿ ನೋಡಿದವು. ನಾನೂ ತಿರುಗಿದೆ.