ತಾನೇ ನೆರವೇರಿಸಿದ ಪ್ರವಾದನೆ

ಹಸಿ ಈಚಲು ಗರಿಗೆ ಒಂದು ಒಗರು ವಾಸನೆಯಿದೆ. ಈ ಸಲ ಕೊಪ್ಪಳದಲ್ಲಿ ಯೇಸು ಕತ್ತೆಯೇರಿ ಊರು ಹೊಕ್ಕ ನೆನಪಿಗೆ ಕ್ರೈಸ್ತರು ಗರಿ ಹಿಡಿದು ಮಾಡುವ ಗರಿಗಳ ಭಾನುವಾರದ ಮೆರವಣಿಗೆ ನಮ್ಮ ಮನೆ ಮುಂದೆ ಹಾದುಹೋದಾಗ ಆ ವಾಸನೆ ಬಂತು. ಜೊತೆಗೇ ಗಂಗಾವತಿಯ ಅಕ್ಕೋರು ನೆನಪಾದರು...

ನಾನು ಮೊದಲು ಕೆಲಸಕ್ಕೆ ಸೇರಿದ ಶಾಲೆಯಲ್ಲಿ ಅವರು ಹಿರಿಯ ಶಿಕ್ಷಕಿ. ಕ್ರೈಸ್ತರು, ನಮ್ಮ ಪಕ್ಕದ ಮನೆಯವರು. ಅವರ ಯಜಮಾನರು ನೀರಾವರಿ ಕಚೇರಿಯಿಂದ ನಿವೃತ್ತರಾಗಿದ್ದರು, ಹೃದಯದ ಕಾಯಿಲೆ ಇತ್ತು. ಒಮ್ಮೆ ಪ್ರಾರ್ಥನಾ ಕೂಟಕ್ಕೆ ಬಂದಿದ್ದ ಪರವೂರಿನ ಬೋಧಕರೊಬ್ಬರು ಯಜಮಾನರ ತಲೆ ಮೇಲೆ ಕೈಯಿಟ್ಟು, ಭತ್ತದ ಕೊಯ್ಲು ಮುಗಿಯುವುದರೊಳಗೆ ಕರ್ತನು ನಿನ್ನನ್ನು ಕರೆದುಕೊಳ್ಳುತ್ತಾನೆ ಎಂದು ಪ್ರವಾದನೆ ನುಡಿದರಂತೆ.

ಅಕ್ಕೋರು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳದಿರಲು ನೋಡಿದರು. ಒಂದು ಬೆಳಗ್ಗೆ ಕನಕಾಂಬರದ ಕುಂಡಕ್ಕೆ ನೀರು ಹಾಕುವಾಗ ಮಣ್ಣಿನಲ್ಲಿ ಬಿಳಿ ಗುಳಿಗೆಗಳು ಕಂಡವು. ಯಜಮಾನರು ನುಂಗಿದಂತೆ ಮಾಡಿ ಅಲ್ಲಿ ಹುಗಿಯುತ್ತಿದ್ದರು. ಕೇಳಿದರೆ ಶಾಂತವಾಗಿಯೇ ಉತ್ತರ ಕೊಟ್ಟರಂತೆ. ರಾಜನು ಕತ್ತೆಯ ಮೇಲೆ ಬರುತ್ತಾನೆಂದು ಹಳೆಯ ಪ್ರವಾದಿ ಬರೆದಿದ್ದ, ಯೇಸುವಿಗೆ ಅದು ತಿಳಿದಿತ್ತು ಎಂದು ಶುರುಮಾಡಿದರಂತೆ.

“ಬರದದ್ದು ನೆರವೇರ್ಲಿ ಅಂತ ಕರ್ತ ತಾನಽ ಕತ್ತಿ ತರಿಸಿ ಅದರ ಮ್ಯಾಲ ಕುಂತ. ನಾನೂ ಹಂಗಽ ಮಾಡಿದ್ರ ತಪ್ಪೇನೈತಿ?”

ಅಕ್ಕೋರು ಗುಳಿಗೆಯನ್ನು ಪುಡಿ ಮಾಡಿ ಮಜ್ಜಿಗೆಯಲ್ಲಿ ಬೆರೆಸಿದರೆ ಯಜಮಾನರು ಮಜ್ಜಿಗೆಯನ್ನೇ ಬಿಟ್ಟರು. ಶಾಲೆಯಲ್ಲಿ ಒಂದೊಂದು ಪಿರಿಯಡ್ ಮುಗಿದಾಗಲೂ ಅಕ್ಕೋರು ಮನೆಗೆ ಫೋನು ಮಾಡುತ್ತಿದ್ದರು. ಕೊಯ್ಲಿನ ಮೆಷಿನ್ನುಗಳು ರಸ್ತೆ ನಡುಗಿಸುತ್ತ ಗದ್ದೆಗಳ ಕಡೆ ಹೊರಟರೆ ಬೋರ್ಡಿನ ಮೇಲೆ ಅವರ ಕೈ ನಿಂತುಬಿಡುತ್ತಿತ್ತು. ಅವರ ಧರ್ಮದವಳಲ್ಲದ ನಾನೂ ಕೊಯ್ಲಾಗದೆ ಉಳಿದ ಗದ್ದೆಗಳನ್ನು ಎಣಿಸತೊಡಗಿದ್ದೆ...

ಗದ್ದೆಗಳು ಅರ್ಧ ಖಾಲಿಯಾಗಿದ್ದಾಗ ಯಜಮಾನರು ಬಚ್ಚಲಲ್ಲಿ ಕುಸಿದರು. ಕೊಪ್ಪಳದ ಆಸ್ಪತ್ರೆ ಮುಟ್ಟುವುದರೊಳಗೆ ಜೀವ ಹೋಗಿತ್ತು.

ಅವರ ಸ್ಮರಣೆಯ ಪ್ರಾರ್ಥನೆಗೆ ನಾನೂ ಹೋಗಿದ್ದೆ. ಪ್ರವಾದನೆ ಹೇಳಿದಂತೆಯೇ ನೆರವೇರಿತು, ನಮ್ಮ ದೇವರು ನಿಜವೆಂಬುದಕ್ಕೆ ಬೇರೆ ಸಾಕ್ಷಿ ಬೇಕೇ ಎಂದರು ಸಭೆಯ ಹಿರಿಯರೊಬ್ಬರು. ಅಕ್ಕೋರು ಎದ್ದು ನಿಂತರು.

“ಇದು ಸಾಕ್ಷಿ ಅಲ್ರಿ. ಆ ಮಾತು ಕೇಳಿ ಗುಳಗಿ ಬಿಟ್ರು, ಸತ್ರು.”

ಹಾಗಾದರೆ ಕರ್ತನ ಕತ್ತೆಯೂ ಸಾಕ್ಷಿಯಲ್ಲವೇ ಎಂದು ಹಿರಿಯರು ಕೇಳಿದರು. ಕತ್ತೆ ತರಿಸುವುದು ಅವನ ಕೈಯಲ್ಲೇ ಇತ್ತು, ಅದರಿಂದ ಏನೂ ಸಾಬೀತಾಗುವುದಿಲ್ಲ ಎಂದರು ಅಕ್ಕೋರು. ಶಿಲುಬೆಯ ಬುಡದಲ್ಲಿ ಅವನ ಅಂಗಿಗಾಗಿ ಚೀಟಿ ಹಾಕಿದ ಸಿಪಾಯಿಗಳ ವಿಷಯವೂ ಮೊದಲೇ ಬರೆದಿತ್ತು, ಆದರೆ ಅವರು ಅವನ ಮಾತು ಕೇಳುವವರಲ್ಲ, ತಾನು ಸಾಕ್ಷಿಯೆಂದು ಹಿಡಿದುಕೊಂಡಿರುವುದು ಅಂಥದ್ದನ್ನು ಎಂದರು.

ಮನೆಗೆ ಬರುವ ದಾರಿಯಲ್ಲಿ ನನ್ನ ಕೈ ಬಿಗಿಯಾಗಿ ಹಿಡಿದುಕೊಂಡರು. ಸಿಪಾಯಿಗಳ ಸಂಗತಿ ಬರೆದವರೂ ಹಳೆಯ ಪ್ರವಾದನೆ ಓದಿದವರೇ, ಅದಕ್ಕೆ ಹೊಂದುವಂತೆ ಬರೆದಿರಬಹುದಲ್ಲವೇ ಎಂಬ ಅಂಜಿಕೆ ಈಗ ಶುರುವಾಗಿದೆ ಎಂದರು. ಮನೆಯ ಗೇಟು ತೆಗೆಯುತ್ತ ಮತ್ತೆ ಹೇಳಿದರು.

“ಕತ್ತಿ ಮ್ಯಾಲ ಕುಂತ್ರ ಮುಂದ ಶಿಲುಬಿ ಐತಿ ಅಂತ ಅವಂಗ ಗೊತ್ತಿತ್ತು, ತಂಗಿ. ಅವನ ತಾಯಿ ಎಷ್ಟು ಅಂಜಿರಬೇಕು...”

ಅವರು ಭಾನುವಾರದ ಆರಾಧನೆ ಬಿಡಲಿಲ್ಲ. ಆದರೆ ಯಾರಾದರೂ ಪ್ರವಾದನೆ ನುಡಿಯತೊಡಗಿದರೆ ಹೊರಗೆ ಬಂದು ನಿಲ್ಲುತ್ತಿದ್ದರು. ನಿವೃತ್ತಿಯ ನಂತರ ರಾಯಚೂರಿನ ತಂಗಿಯ ಮನೆ ಸೇರಿದರು. ಹೋದ ವರ್ಷ ಅಲ್ಲೇ ತೀರಿಕೊಂಡರಂತೆ, ನನಗೆ ತಡವಾಗಿ ತಿಳಿಯಿತು.

ಮೊನ್ನೆ ನೆಂಟರೊಬ್ಬರು ನನ್ನ ಮಗಳ ಅಂಗೈ ನೋಡಿ ಮುಂದಿನದು ಹೇಳಲು ಹೊರಟರು. ನಾನು ಅವಳ ಕೈ ಬಿಡಿಸಿ ಒಳಗೆ ಕರೆದೊಯ್ದೆ. ಒಳ್ಳೆಯದನ್ನೇ ಹೇಳುತ್ತಿದ್ದರೇನೋ... ಕೇಳಿದ ಮೇಲೆ ಅವಳು ಅದರಂತೆ ನಡೆದುಬಿಟ್ಟರೆ ಎಂಬ ಭಯ. ಮನೆಯವರಿಗೆ ಅದು ಅರ್ಥವಾಗಲಿಲ್ಲ. ಅರ್ಥ ಮಾಡಿಕೊಳ್ಳುತ್ತಿದ್ದವರು ಈಗಿಲ್ಲ.