ಗಾಣದೆತ್ತು ಮತ್ತು ಶಾಣ್ಯಾ

ನಾನು ಕೆಲಸ ಮಾಡುವುದು ಇಂಡಿಯಲ್ಲಿ, ಲಿಂಬೆಹಣ್ಣು ಖರೀದಿಸಿ ದೂರದ ಊರುಗಳಿಗೆ ಕಳಿಸುವ ಒಂದು ಅಂಗಡಿಯಲ್ಲಿ. ಅಂಗಡಿ ಎಂದರೆ ದೊಡ್ಡ ಶೆಡ್ಡು, ಅದರ ಮೂಲೆಯಲ್ಲಿ ಒಂದು ಗಾಜಿನ ಕೋಣೆ, ಕೋಣೆಯಲ್ಲಿ ನಾನು. ಇಂಡಿ, ಸಿಂದಗಿ, ಬಾಗೇವಾಡಿ ಕಡೆಯ ಯಾವ ತೋಟಕ್ಕೆ ಯಾವ ಹೆಂಗಸರ ಗುಂಪು ಹಣ್ಣು ಕೀಳಲು ಹೋಗಬೇಕು, ಯಾವ ಟೆಂಪೊ ಅವರನ್ನು ಒಯ್ಯಬೇಕು ಎಂದು ಮುಂಜಾನೆ ನಿಗದಿ ಮಾಡುವುದು ನನ್ನ ಕೆಲಸ. ಅದನ್ನು ಯಂತ್ರಕ್ಕೆ ಒಪ್ಪಿಸುವ ಮಾತು ಬಂದಾಗ ಎಲ್ಲರೂ ನಾನು ಹೆದರುತ್ತೇನೆ ಎಂದುಕೊಂಡರು. ನನಗೆ ಬಂದದ್ದು ಸಿಟ್ಟು.

ಮೊದಲು ಬಂದದ್ದು ಆರ್‌ಪಿಎ ಎಂಬುದು. ರೋಬೋಟ್ ಎನ್ನುತ್ತಾರೆ, ಆದರೆ ಕೈಕಾಲಿಲ್ಲ. ಕಂಪ್ಯೂಟರಿನೊಳಗೆ ಕೂತು, ನಾನು ಒತ್ತುತ್ತಿದ್ದ ಗುಂಡಿಗಳನ್ನು ನಾನು ಒತ್ತುತ್ತಿದ್ದ ಕ್ರಮದಲ್ಲೇ ಒತ್ತುತ್ತದೆ. ಗುಂಪಿನವರು ಬರೆದು ಕಳಿಸಿದ್ದನ್ನು ಎತ್ತಿ ಹಾಜರಿಗೆ ಹಾಕುತ್ತದೆ, ಟೆಂಪೊದವನಿಗೆ ಸಂದೇಶ ಬಿಡುತ್ತದೆ. ಅದಕ್ಕೆ ನಾನು ಗಾಣದೆತ್ತು ಎಂದು ಹೆಸರಿಟ್ಟೆ. ಒಬ್ಬಾಕೆ ಹಾಜರಿಯ ಬದಲು ಮೊಮ್ಮಗಳ ಫೋಟೊ ಕಳಿಸಿದರೆ, ಚಡಚಣದ ತೋಟದವರು ಮರಾಠಿಯಲ್ಲಿ ಬರೆದರೆ, ಅದು ಗಪ್ಪನೆ ನಿಂತು ನನ್ನನ್ನು ಕರೆಯುತ್ತಿತ್ತು. ಮಾಲೀಕರಿಗೆ ಅದೇ ಕಿರಿಕಿರಿ, ನನಗೆ ಅದೇ ಅದರ ದೊಡ್ಡ ಗುಣ. ತನಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಗಂಡಸರನ್ನೇ ನಾನು ಹೆಚ್ಚು ನೋಡಿಲ್ಲ.

ಹೋದ ವರ್ಷ ಪುಣೆಯಿಂದ ಒಬ್ಬ ಇಂಜಿನಿಯರ್ ಹೆಣ್ಣುಮಗಳು, ನಮ್ಮ ಮಾತಿನಲ್ಲಿ ಬಾಯಿ, ಬಂದು ಅದರ ಜಾಗದಲ್ಲಿ ಎರಡನೆಯದನ್ನು ಕೂರಿಸಿದರು. ಇದು ಕಾಗ್ನಿಟಿವ್ ಆಟೊಮೇಶನ್, ಹೇಳಿದ್ದನ್ನು ಮಾಡುವುದಷ್ಟೇ ಅಲ್ಲ, ಹಳೆಯದನ್ನು ನೋಡಿ ಕಲಿತು ತಾನೇ ತೀರ್ಮಾನಿಸುತ್ತದೆ ಎಂದರು. ನಾನು ಅದನ್ನು ಶಾಣ್ಯಾ ಎಂದು ಕರೆದೆ, ನಮ್ಮ ಕಡೆ ಬಲು ಜಾಣನಿಗೆ ಹಾಗನ್ನುತ್ತೇವೆ. ಸುಳ್ಳು ಯಾಕೆ ಹೇಳಲಿ, ಅದರ ಕಿವಿ ಚುರುಕು. ನಮ್ಮ ಹೆಂಗಸರು ಟೆಂಪೊ ಸದ್ದಿನ ನಡುವೆ ಬಡಬಡ ಒದರಿದ ವಾಯ್ಸ್ ಮೆಸೇಜನ್ನೂ ಬಿಡಿಸಿ ಬರೆಯುತ್ತಿತ್ತು. ಮೈಸೂರಿನಿಂದ ಬಂದ ನನ್ನ ನಾದಿನಿಗೆ ಇಂದಿಗೂ ಆಗದ ಕೆಲಸ ಅದು.

ಸಿಂದಗಿ ರಸ್ತೆಯ ಒಂದು ಊರಿನಿಂದ ಬರುವ ಗುಂಪು ನಮ್ಮಲ್ಲಿ ಎಲ್ಲಕ್ಕಿಂತ ಹಳೆಯದು. ಅದನ್ನು ನಡೆಸುವಾಕೆ ಗಟ್ಟಿ ಗಂಟಲಿನ, ಲಿಂಬೆ ಮುಳ್ಳಿಗೆ ಅಂಜದ ಹೆಂಗಸು. ಅವರ ಊರಲ್ಲಿ ಒಬ್ಬರು ಸತ್ತರೆ, ಸತ್ತವರು ಬಂಧುಬಳಗವೇ ಆಗಬೇಕೆಂದಿಲ್ಲ, ಮಣ್ಣು ಆಗುವ ತನಕ ಯಾರೂ ದುಡಿಯಲು ಹೋಗುವುದಿಲ್ಲ. ಅಕ್ಕಪಕ್ಕದ ಮನೆಗಳಲ್ಲಿ ಒಲೆಯೂ ಹೊತ್ತುವುದಿಲ್ಲ. ಈ ಬೇಸಿಗೆಯಲ್ಲಿ, ಲಿಂಬೆಗೆ ಬೇಡಿಕೆ ಏರಿದ ಹೊತ್ತಿನಲ್ಲೇ, ಅಲ್ಲಿನ ಮುದುಕರು ಒಬ್ಬರ ಹಿಂದೊಬ್ಬರು ಹೋದರು. ಪ್ರತಿ ಸಲವೂ ಆಕೆ ನಸುಕಿನಲ್ಲೇ ಹೇಳಿ ಕಳಿಸಿದಳು, ಊರಲ್ಲಿ ಸಾವಾಗಿದೆ, ಮಣ್ಣು ಮುಗಿಸಿ ನಾಳೆ ಬರುತ್ತೇವೆ ಎಂದು.

ಗಾಣದೆತ್ತು ಇದ್ದಿದ್ದರೆ ಗೈರು ಎಂದು ಬರೆದು ಸುಮ್ಮನಾಗುತ್ತಿತ್ತು. ಶಾಣ್ಯಾ ಯೋಚಿಸಿತು. ಒಂದೇ ಗುಂಪು, ಒಂದೇ ಕಾರಣ, ಮತ್ತೆ ಮತ್ತೆ. ಪರದೆಯ ಮೇಲೆ ಕೆಂಪಕ್ಷರ ಮೂಡಿತು: ಗೈರು. ಹೇಳಿದ ಕಾರಣ, ಸಾವು. ನಂಬಲರ್ಹವಲ್ಲ. ಮರುದಿನದಿಂದ ಅವರ ಪಾಳಿಯನ್ನು ಬೇರೆ ಗುಂಪಿಗೆ ಕೊಟ್ಟುಬಿಟ್ಟಿತು. ಆಕೆಯ ಮಾತು ಅದಕ್ಕೆ ಸರಿಯಾಗಿಯೇ ತಿಳಿದಿತ್ತು, ಆಕೆಯನ್ನು ಸುಳ್ಳುಬುರುಕಿ ಮಾಡಿತು, ಅಷ್ಟೇ.

ನನ್ನ ಮೈಯೆಲ್ಲ ಉರಿಯಿತು. ಅವರ ಪಾಳಿಯನ್ನು ಕೈಯಿಂದಲೇ ತಿರುಗಿ ಹಾಕಿದೆ. ಅದು ತೆಗೆಯಿತು, ನಾನು ಮತ್ತೆ ಹಾಕಿದೆ. ನೀವು ಹೀಗೆ ಕೈ ಹಾಕಿದರೆ ಅದರ ಕಲಿಕೆ ಕೆಡುತ್ತದೆ ಎಂದು ಪುಣೆಯ ಬಾಯಿ ಫೋನಿನಲ್ಲಿ ತಿಳಿಹೇಳಿದರು. ಕೆಡಲಿ ಎಂದೆ. ಆ ಗುಂಪಿನಾಕೆ ಶೆಡ್ಡಿಗೇ ಬಂದು, ತಾವು ಸುಳ್ಳು ಹೇಳಿದೆವೆಂದು ಯಾರು ಅಂದದ್ದು ಎಂದು ಕೇಳಿದಳು. ಕಂಪ್ಯೂಟರಿನತ್ತ ಕೈ ಮಾಡಿದೆ. ಆಕೆ ಅದನ್ನು ಮೇಲಿಂದ ಕೆಳಗೆ ನೋಡಿದಳು.

"ಅದರ ಮನ್ಯಾಗ ಯಾರರ ಸತ್ತಾರೇನ್ರಿ ಬಾಯಾರ?"

ಮಾಲೀಕರು ನನ್ನನ್ನು ಕರೆಸಿದರು. ಅವರು ಆ ಗುಂಪಿನ ಊರಲ್ಲೇ ಹುಟ್ಟಿದವರು, ಅವರ ಅಣ್ಣನ ಮನೆಮಂದಿ, ತಾಯಿ ಎಲ್ಲ ಈಗಲೂ ಅಲ್ಲೇ ಇದ್ದರು. ಯಂತ್ರಕ್ಕೆ ಯಾರ ಮೇಲೂ ಸಿಟ್ಟಿಲ್ಲ, ಯಾರ ಮೇಲೂ ಮಮತೆಯಿಲ್ಲ, ಅದಕ್ಕೇ ತಾನು ಅದನ್ನು ನಂಬುವುದು ಎಂದರು. ನಿಮ್ಮೂರಿನ ಪದ್ಧತಿ ನಿಮಗೆ ಗೊತ್ತಿಲ್ಲವೇ ಎಂದು ಕೇಳಿದೆ. ಊರು ಬೇರೆ, ವ್ಯಾಪಾರ ಬೇರೆ ಎಂದರು. ಈ ವಾರದೊಳಗೆ ಒಂದೋ ಪಾಳಿಯಿಂದ ಕೈ ತೆಗೆಯಬೇಕು, ಇಲ್ಲವೇ ಗಾಜಿನ ಕೋಣೆ ಬಿಡಬೇಕು ಎಂದು ಗಡುವು ಕೊಟ್ಟರು.

"ಕೈ ತಗ್ಯಾಂಗಿಲ್ರಿ ಸಾವ್ಕಾರ್ರ," ಎಂದೆ. "ಕೋಣಿ ಬೇಕಾದ್ರ ಬಿಡಿಸ್ಕೋರಿ."

ಆ ವಾರ ಮುಗಿಯುವ ಮೊದಲೇ ಅವರ ತಾಯಿ ತೀರಿಕೊಂಡರು. ಸುದ್ದಿ ಕೇಳಿ ನಾನೂ ಟೆಂಪೊ ಹತ್ತಿ ಆ ಊರಿಗೆ ಹೋದೆ. ಮನೆಯ ಮುಂದೆ ನಮ್ಮ ಗುಂಪಿನ ಹೆಂಗಸರೆಲ್ಲ ಕೂತಿದ್ದರು. ಪಾಳಿ ಕಸಿದುಕೊಂಡವರ ಮನೆ ಎಂದು ಯಾರೂ ಹಿಂದೆ ಸರಿದಿರಲಿಲ್ಲ. ಆ ಗಟ್ಟಿ ಗಂಟಲಿನಾಕೆ ಮುದುಕಿಯ ಗುಣ ಎಣಿಸಿ ಎಣಿಸಿ ಹಾಡಿಕೊಂಡು ಅಳುತ್ತಿದ್ದಳು. ನನ್ನ ಫೋನಿಗೆ ಸಂದೇಶ ಬಂತು. ನಾನು ಪಟ್ಟು ಬಿಡದೆ ಹಾಕಿದ್ದ ಆ ದಿನದ ಪಾಳಿಯ ಮೇಲೆ ಶಾಣ್ಯಾ ಬರೆದಿತ್ತು: ಗೈರು. ಹೇಳಿದ ಕಾರಣ, ಸಾವು. ನಂಬಲರ್ಹವಲ್ಲ.

ದುಃಖದಲ್ಲಿದ್ದವರಿಗೆ ಇದನ್ನು ತೋರಿಸಬಾರದು ಎಂದು ಮನಸ್ಸು ಹೇಳಿತು. ಸುಳ್ಳುಬುರುಕಿಯರು ಎನಿಸಿಕೊಂಡೂ ಬಂದು ಕೂತ ಆ ಹೆಂಗಸರನ್ನು ನೋಡಿದೆ, ಮನಸ್ಸಿನ ಮಾತು ಕೇಳಲಿಲ್ಲ. ಮಣ್ಣು ಮುಗಿಸಿ ಬಂದ ಮಾಲೀಕರು ಕಟ್ಟೆಯ ಮೇಲೆ ಕೂತಾಗ ಫೋನನ್ನು ಅವರ ಮುಂದೆ ಹಿಡಿದೆ. ಓದಿದರು. ತಾಯಿ ಕೂರುತ್ತಿದ್ದ ಪಡಸಾಲೆಯತ್ತ ನೋಡಿದರು, ಮತ್ತೆ ಓದಿದರು. ಇದನ್ನು ಅಳಿಸಲು ಎಲ್ಲಿ ಒತ್ತಬೇಕು ಎಂದು ಕೇಳಿದರು.

"ಇಲ್ಲಿ ಒತ್ತಿದ್ರ ಅವ್ವಾರ ಸಾವು ಒಂದ ನಂಬತೈತ್ರಿ," ಎಂದೆ. "ಉಳದವ್ರು?"

ಅವರು ಆ ಗುಂಪಿನಾಕೆಯನ್ನು ಹತ್ತಿರ ಕರೆದು, ಈ ಬೇಸಿಗೆಯಲ್ಲಿ ಹೋದವರು ಯಾರ‍್ಯಾರು ಎಂದು ಕೇಳಿದರು. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಒಬ್ಬೊಬ್ಬರ ಹೆಸರನ್ನೇ ಹೇಳಿದಳು, ಮಾಲೀಕರು ಒಂದೊಂದನ್ನೇ ಒತ್ತಿ ಅಳಿಸುತ್ತ ಹೋದರು. ಹೋದವರೆಲ್ಲರೂ ಅವರನ್ನು ಚಿಕ್ಕಂದಿನಲ್ಲಿ ಎತ್ತಿ ಆಡಿಸಿದವರೇ.